ಹಾಲು ಬಿಡಿಸುವ ವಾರ

ಮಗು ಹೆತ್ತವಳಿಗೆ ಮೊದಲು ಸಿಗುವುದು ಬುದ್ಧಿವಾದ, ಎದೆಹಾಲು ಬರುವುದು ಆಮೇಲೆ. ನನಗೆ ಇದು ಹೆರಿಗೆ ವಾರ್ಡಿನಲ್ಲೇ ಶುರುವಾಯಿತು. ಪಕ್ಕದ ಮಂಚದವಳ ಅತ್ತೆ, ಹೆಸರೂ ಗೊತ್ತಿಲ್ಲದ ಹೆಂಗಸು, ನನ್ನ ತೋಳಿನಿಂದ ಮಗಳನ್ನು ಎತ್ತಿಕೊಂಡು, "ಇಂಗಲ್ಲಮ್ಮಾ ಹಿಡ್ಕೊಳ್ಳೋದು, ಕತ್ತು ನೋಡ್ಕೋ" ಅಂದಳು. ಅವತ್ತಿನಿಂದ ನನ್ನ ಮಗಳನ್ನು ಹೇಗೆ ಹಿಡಿದುಕೊಳ್ಳಬೇಕು ಅನ್ನುವುದು ನನ್ನನ್ನು ಬಿಟ್ಟು ಊರಿಗೆಲ್ಲ ಗೊತ್ತಿದೆ.

ವಕ್ಕಲೇರಿಯ ನಮ್ಮ ಮನೆಯಲ್ಲಿ ಈ ಬುದ್ಧಿವಾದದ ಮುಖ್ಯ ಕಚೇರಿ ನನ್ನ ಅತ್ತೆ ಮುನಿಯಲ್ಲಮ್ಮ. ಸ್ನಾನ ಮಾಡಿಸುವಾಗ ಮೂಗನ್ನು ನೀವಿ ನೀವಿ ಎತ್ತಬೇಕು, ಇಲ್ಲದಿದ್ದರೆ ಚಪ್ಪಟೆಯಾಗುತ್ತದೆ. ಮಗುವನ್ನು ಹೊಸಿಲ ಮೇಲೆ ಕೂರಿಸಬಾರದು. ಕೆಲಸದಿಂದ ಬಂದವಳು ಕಾಲು ತೊಳೆಯದೆ ಮಗು ಮುಟ್ಟಬಾರದು, ದಾರಿಯ ದೃಷ್ಟಿ ಬೆನ್ನು ಹತ್ತಿ ಬಂದಿರುತ್ತದೆ. ಇನ್ನೊಂದು ಕಚೇರಿ ನನ್ನ ಫೋನು. ಅದರಲ್ಲಿ ಬಿಳಿ ಗೋಡೆಯ ಮುಂದೆ ಕೂತ ಹುಡುಗಿಯೊಬ್ಬಳು, "ಮಗೂಗೆ ಬೇಡ ಅನ್ನಬೇಡಿ, ಎರಡು ಆಯ್ಕೆ ಕೊಡಿ" ಅನ್ನುತ್ತಾಳೆ. ಅವಳ ಮಾತು ಕೇಳಿ ನಾನು ಕೆಂಪು ಬಟ್ಟಲು, ಹಸಿರು ಬಟ್ಟಲು ಎರಡನ್ನೂ ಹಿಡಿದು, ಯಾವುದರಲ್ಲಿ ರಾಗಿ ಸರಿ ಬೇಕು ಎಂದು ಮಗಳನ್ನು ಕೇಳಿದೆ. ಅವಳು ಎರಡನ್ನೂ ಎಸೆದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ, "ಇನ್ನೊಂದ್ ಆಯ್ಕೆ ಕೊಡಮ್ಮಾ, ತಟ್ಟೆ ಉಳ್ದಿದೆ" ಅಂದರು.

ಇಷ್ಟು ಜನ ಬುದ್ಧಿ ಹೇಳಿದರೂ ಒಂದು ವಿಷಯ ಮಾತ್ರ ಯಾರಿಂದಲೂ ಬಗೆಹರಿಯಲಿಲ್ಲ. ಎರಡು ವರ್ಷ ತುಂಬುತ್ತ ಬಂದರೂ ನನ್ನ ಮಗಳು ಮೋಕ್ಷಿತ ಎದೆಹಾಲು ಬಿಡಲಿಲ್ಲ.

ಹಗಲು ನಾನಿಲ್ಲದಾಗ ಅವಳು ಅನ್ನ ಸಾರು ತಿಂದುಕೊಂಡು, ಅಜ್ಜಿಯ ಕೋಳಿಗಳನ್ನು ಅಟ್ಟಿಸಿಕೊಂಡು ಚೆನ್ನಾಗಿಯೇ ಇರುತ್ತಿದ್ದಳು. ನಾನು ಕಂಪನಿ ಬಸ್ಸಿಳಿದು ಬಾಗಿಲಿಗೆ ಬರುವುದೇ ತಡ, ಚಪ್ಪಲಿ ಬಿಡಲೂ ಬಿಡದೆ ವೇಲು ಎಳೆಯುತ್ತಿದ್ದಳು. ರಾತ್ರಿಯೆಲ್ಲ ಎದೆ ಬಾಯಲ್ಲೇ ಇರಬೇಕು. ಮೆಲ್ಲಗೆ ಬಿಡಿಸಿದರೂ ಎಚ್ಚರವಾಗಿ ಮನೆ ಕಿತ್ತುಹೋಗುವ ಹಾಗೆ ಅಳು. ನನ್ನ ಕೆಲಸವೋ ನರಸಾಪುರದ ಕಾರ್ಖಾನೆಯೊಂದರಲ್ಲಿ, ಫೋನಿನ ಒಳಗಿಡುವ ಪುಟ್ಟ ಹಸಿರು ಬೋರ್ಡುಗಳನ್ನು ಭೂತಗನ್ನಡಿಯ ಕೆಳಗಿಟ್ಟು ಬೆಸುಗೆ ಸರಿಯಿದೆಯೇ ಎಂದು ನೋಡುವುದು. ನಿದ್ದೆಗೆಟ್ಟ ಕಣ್ಣಿಗೆ ಬೆಸುಗೆಯ ಚುಕ್ಕೆಗಳೆಲ್ಲ ಸಾಸಿವೆ ಕಾಳಿನ ಹಾಗೆ ಉರುಳಾಡುತ್ತಿದ್ದವು. ಕೆಟ್ಟ ಬೋರ್ಡುಗಳನ್ನು ಒಳ್ಳೆಯವೆಂದು ದಾಟಿಸಿಬಿಟ್ಟೆ. ಲೈನ್ ಲೀಡರ್ ಪಕ್ಕಕ್ಕೆ ಕರೆದು, "ನೋಡಿ ಶಿರೀಷಾ, ಇನ್ನೊಂದ್ಸಲ ಹಿಂಗಾದ್ರೆ ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ" ಅಂದ.

ಆ ಕೆಲಸ ನನಗೆ ಬೇಕಿತ್ತು. ಯಾಕೆ ಬೇಕು ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ನನ್ನ ಗಂಡ ವೇಣು ದಿನಾ ಮಾಲೂರಿಗೆ ಕಂಪನಿ ಕೆಲಸಕ್ಕೆ ಹೋಗುತ್ತಾರೆ. ಅವರನ್ನು ಯಾರೂ ಹಾಗೆ ಕೇಳುವುದಿಲ್ಲ.

ಹಾಲು ಬಿಡಿಸಲು ಮೊದಲು ಬೇವು. ಅತ್ತೆ ಎಳೆ ಸೊಪ್ಪು ತಂದು ತಾವೇ ಒರಳಲ್ಲಿ ಅರೆದು ಕೊಟ್ಟರು. "ಹಚ್ಕೊಂಡ್ ಕೂತ್ಕೋ. ಬಾಯಿಟ್ಟ ತಕ್ಷಣ ‘ಥೂ, ಅಮ್ಮ ಕಹಿ’ ಅನ್ನು. ಜೋರಾಗಿ ಅನ್ನು. ನಾಕ್ ದಿನ ಆದ್ರೆ ಹತ್ರಾನೂ ಬರಲ್ಲ. ವೇಣೂಗೂ ಕದಿರೇಶಂಗೂ ನಾನ್ ಇಂಗೇ ಬಿಡಿಸಿದ್ದು" ಅಂದರು. ನಾನು ಹಚ್ಚಿಕೊಂಡು ಕೂತೆ. ಮೋಕ್ಷಿತ ಬಾಯಿಟ್ಟಳು. ಮುಖ ಹಿಂಡಿದ ನಿಂಬೆಹಣ್ಣಿನ ಹಾಗಾಯಿತು. ಅತ್ತೆ ಕಲಿಸಿದ ರಾಗದಲ್ಲೇ ನಾನು, "ಥೂ, ಅಮ್ಮ ಕಹಿ" ಅಂದೆ. ಅವಳು ನನ್ನ ಮುಖ ನೋಡಿದಳು. ಫ್ರಾಕಿನ ಅಂಚು ಎತ್ತಿ, ನೆಲ ಒರೆಸುವ ಅಚ್ಚುಕಟ್ಟಿನಲ್ಲಿ ಬೇವನ್ನೆಲ್ಲ ಒರೆಸಿದಳು. "ಕಯಿ" ಅಂದಳು, ನಕ್ಕಳು, ಮತ್ತೆ ಬಾಯಿ ಹಾಕಿದಳು.

ಅತ್ತೆಯೂ ನಕ್ಕರು. ವೇಣು ಅಂತೂ, "ನನ್ ಮಗ್ಳು ಕಣೇ, ಬೇವಿಗೆಲ್ಲ ಬಗ್ಗಲ್ಲ" ಎಂದು ಬಿದ್ದು ಬಿದ್ದು ನಕ್ಕರು. ಅದು ಮನೆಯ ಆಟವಾಗಿಹೋಯಿತು. ಯಾರಾದರೂ "ಅಮ್ಮ ಎಂಗೆ?" ಅಂದರೆ ಸಾಕು, "ಥೂ, ಕಯಿ!" ಎಂದು ಕೂಗಿ ಓಡಿ ಬಂದು ನನ್ನ ಮೇಲೆ ಬೀಳುತ್ತಿದ್ದಳು. ಆ ಮಾತನ್ನು ಅವಳ ಬಾಯಿಗೆ ಹಾಕಿದವಳು ನಾನೇ. ಆಗ ಅದು ನನಗೂ ಮುದ್ದಾಗಿಯೇ ಕೇಳಿಸಿತ್ತು.

ಬೇವು ಸೋತ ಮೇಲೆ ಅತ್ತೆ ಎರಡನೆಯ ದಾರಿ ತೆಗೆದರು. ನಮ್ಮ ಕಡೆ ಇದು ಹೊಸದೇನಲ್ಲ. ಹಟ ಹಿಡಿದ ಮಗುವನ್ನು ಒಂದು ವಾರ ತಾಯಿಯ ಕಣ್ಣಿಗೆ ಬೀಳದ ಹಾಗೆ ಬೇರೆ ಮನೆಯಲ್ಲಿ ಬಿಡುತ್ತಾರೆ. ಹಾಲು ಮರೆತ ಮೇಲೆ ಕರೆದುಕೊಂಡು ಬರುತ್ತಾರೆ. ಸಾಮಾನ್ಯವಾಗಿ ಬಿಡುವುದು ತಾಯಿಯ ತವರಿನಲ್ಲಿ. ನನ್ನ ತವರು ಗೌನಿಪಲ್ಲಿ. ಆಗ ಮಾವಿನ ಕೊಯ್ಲಿನ ಸಮಯ. ನನ್ನ ಅಮ್ಮ, ಅಪ್ಪ ಇಬ್ಬರೂ ಬೆಳಗಿನಿಂದ ತೋಪಿನಲ್ಲೇ. ಮನೆಯೊಳಗೆ ಕಾಲಿಡಲು ಜಾಗವಿಲ್ಲದಷ್ಟು ಕ್ರೇಟುಗಳು, ಅಂಗಳದಲ್ಲಿ ಲಾರಿ. "ಆ ಗಲಾಟೇಲಿ ಮಗೂನ ಯಾರ್ ನೋಡ್ತಾರೆ? ಗಂಗನ ಹತ್ರ ಬಿಡೋಣ" ಅಂದರು ಅತ್ತೆ. ಮಾತು ಆಗಲೇ ತೀರ್ಮಾನವಾಗಿದ್ದ ಹಾಗಿತ್ತು. ನಾನು ಅದನ್ನು ಗಮನಿಸಲಿಲ್ಲ. ನನಗೆ ನಿದ್ದೆ ಬೇಕಿತ್ತು.

ಗಂಗಾಲಕ್ಷ್ಮಿ ನನ್ನ ಓರಗಿತ್ತಿ, ವೇಣು ಅವರ ಅಣ್ಣ ಕದಿರೇಶ್ ಭಾವನ ಹೆಂಡತಿ. ಅವಳು ಮಾಸ್ತಿಯಲ್ಲಿ ತಂದೆ ತಾಯಿಗೆ ಒಬ್ಬಳೇ ಮಗಳು, ಹಾಗಾಗಿ ಭಾವ ಅಲ್ಲಿಗೆ ಮನೆಅಳಿಯನಾಗಿ ಹೋದರು. ಎಲೆಕೋಸು, ಟೊಮೆಟೊ ಬೆಳೆಯುತ್ತಾರೆ, ಹಸು ಕಟ್ಟಿದ್ದಾರೆ, ಎರಡು ಹೊತ್ತು ಡೈರಿಗೆ ಹಾಲು ಹಾಕುತ್ತಾರೆ. ಮಕ್ಕಳಿಲ್ಲ. ಕೋಲಾರದ ಡಾಕ್ಟರು, ಬೆಂಗಳೂರಿನ ಡಾಕ್ಟರು, ನಾಗರಕಲ್ಲು, ಹರಕೆ, ಎಲ್ಲ ಮುಗಿಸಿ ಈಗ ಆ ಮಾತೇ ಎತ್ತುವುದಿಲ್ಲ. ಹಬ್ಬಕ್ಕೆ ಬಂದಾಗಲೆಲ್ಲ ಗಂಗಕ್ಕ ಮೋಕ್ಷಿತಳನ್ನು ಸೊಂಟದಿಂದ ಇಳಿಸುತ್ತಿರಲಿಲ್ಲ. ಕೆಟ್ಟವಳಲ್ಲ. ನನ್ನ ಕಷ್ಟವೇ ಅದು. ಕೆಟ್ಟವಳಾಗಿದ್ದರೆ ಎರಡು ಮಾತು ಬೈದು ಕೈ ತೊಳೆದುಕೊಳ್ಳಬಹುದಿತ್ತು.

"ಒಂದೇ ವಾರ" ಅಂದರು ಅತ್ತೆ. "ಆದ್ರೆ ನೀನ್ ಮುಖ ತೋರಿಸ್ಬಾರ್ದು, ಫೋನಲ್ಲೂ ಧ್ವನಿ ಕೇಳಿಸ್ಬಾರ್ದು. ಒಂದ್ಸಲ ಕಂಡ್ರೂ ಮುಗೀತು, ಮತ್ತೆ ಮೊದ್ಲಿಂದ."

ಹೋಗುವ ದಿನ ನಾನು ಮಗಳ ಬಟ್ಟೆಗಳ ನಡುವೆ ನಾನು ತೊಟ್ಟು ಬಿಟ್ಟ ಒಂದು ಹಳೆಯ ನೈಟಿ ಮಡಚಿ ಇಟ್ಟಿದ್ದೆ. ತಾಯಿಯ ಬಟ್ಟೆ ಹತ್ತಿರವಿದ್ದರೆ ಮಗು ಹೆದರದೆ ಮಲಗುತ್ತದೆ ಎಂದು ಫೋನಿನ ಹುಡುಗಿ ಹೇಳಿದ್ದಳು. ಅತ್ತೆ ಚೀಲಕ್ಕೆ ಕೈ ಹಾಕಿ ಅದನ್ನು ತೆಗೆದು ಮಂಚದ ಮೇಲೆ ಎಸೆದರು. "ವಾಸ್ನೆ ಬಂದ್ರೆ ಹಾಲು ಜ್ಞಾಪಕ ಬರಲ್ವಾ? ಓದಿದವಳು ನೀನು" ಅಂದರು. ವೇಣು ಬೈಕಿನ ಟ್ಯಾಂಕಿನ ಮೇಲೆ ಮಗಳನ್ನು ಕೂರಿಸಿಕೊಂಡರು. ನನ್ನನ್ನು ಕಂಡರೆ ಇಳಿದುಬಿಡುತ್ತಾಳೆಂದು ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ಅವಳು ಹಾರನ್ ಒತ್ತಿ ನಗುತ್ತಿರುವುದು ಕೇಳುತ್ತಿತ್ತು. ಬೈಕು ತಿರುಗಿದ ಮೇಲೆ ಹೊರಗೆ ಬಂದೆ, ಬರೀ ಧೂಳು.

ನಿಜ ಹೇಳಬೇಕೆಂದರೆ ಅವತ್ತು ನಾನು ಸತ್ತವಳ ಹಾಗೆ ನಿದ್ದೆ ಮಾಡಿದೆ. ಅದಕ್ಕಾಗಿ ಯಾರ ಹತ್ತಿರವೂ ಕ್ಷಮೆ ಕೇಳುವುದಿಲ್ಲ.

ಮರುದಿನ ಕಂಪನಿ ಬಸ್ಸಿನಲ್ಲಿ ಗೊತ್ತಾಯಿತು. ಎದೆ ಎರಡೂ ಕಲ್ಲಾಗಿದ್ದವು. ಬಸ್ಸು ಹಂಪ್ ಹಾರಿದಾಗಲೆಲ್ಲ ಕಣ್ಣಲ್ಲಿ ನೀರು ಬರುತ್ತಿತ್ತು. ಯಾವುದೋ ಮಗು ಅತ್ತರೆ ಸಾಕು, ಯೂನಿಫಾರಂ ಒದ್ದೆ. ಅತ್ತೆ ಮಲ್ಲಿಗೆ ಹೂವನ್ನು ಬಟ್ಟೆಯಲ್ಲಿಟ್ಟು ಎದೆಗೆ ಬಿಗಿದು ಕಟ್ಟಿದರು. ಅದು ಹಾಲು ಇಂಗಿಸುತ್ತದಂತೆ. ನನ್ನ ಪಕ್ಕದ ಸೀಟಿನಲ್ಲಿ ಕೆಲಸ ಮಾಡುವ ಅನಿತ, "ಹೂವು ಬಿಡು ಕಣೇ, ಎಲೆಕೋಸಿನ ಎಲೆ ಇಟ್ಕೋ, ಯೂಟ್ಯೂಬಲ್ಲಿ ಡಾಕ್ಟ್ರೇ ಹೇಳವ್ರೆ" ಅಂದಳು. ಭಾನುವಾರ ವೇಣು ಮಗಳನ್ನು ನೋಡಲು ಮಾಸ್ತಿಗೆ ಹೋದರು. ಅವರು ಹೋಗಬಹುದಿತ್ತು, ಅವರಲ್ಲಿ ಹಾಲಿರಲಿಲ್ಲವಲ್ಲ. ಬರುವಾಗ ಗಂಗಕ್ಕ ಕೊಟ್ಟ ಎಲೆಕೋಸುಗಳನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದರು. ನಾನು ಅದೇ ಎಲೆಗಳನ್ನು ಬಿಡಿಸಿ ಎದೆಗೆ ಇಟ್ಟುಕೊಂಡೆ. ಮಗು ಅಲ್ಲಿಗೆ, ಎಲೆಕೋಸು ಇಲ್ಲಿಗೆ.

ವಾರ ಮುಗಿಯಿತು. ನಾನು ಗಂಗಕ್ಕನಿಗೆ ಫೋನ್ ಮಾಡಿದೆ. "ಈಗ ತಾನೆ ಸ್ವಲ್ಪ ಮರೀತಿದೆ ಶಿರೀಷಾ. ನೀನ್ ಬಂದ್ರೆ ಮತ್ತೆ ಮೊದ್ಲಿಂದ ಆಗ್ತದೆ. ಇನ್ನೊಂದ್ ವಾರ ಇರ್ಲಿ" ಅಂದಳು. ಹಿಂದೆ ಎಲ್ಲೋ ಮೋಕ್ಷಿತ ಕರುವಿನ ಜೊತೆ ಮಾತಾಡುತ್ತಿದ್ದಳು. ಗಂಗಕ್ಕ ಫೋನನ್ನು ಕೈಯಿಂದ ಮುಚ್ಚಿದಳು, ನನಗೆ ಮಗಳ ಧ್ವನಿ ಕೇಳಿಸದ ಹಾಗೆ. ಅಥವಾ ಅವಳಿಗೆ ನನ್ನದು.

ಆ ವಾರವೂ ಮುಗಿಯಿತು. ಆಗ ಸ್ವಲ್ಪ ಶೀತ, ಇಳಿಯಲಿ. ಆಮೇಲೆ ಅಮಾವಾಸ್ಯೆ, ಎಳೆ ಮಗುವನ್ನು ದಾರಿಗೆ ಹಾಕಬಾರದು. ಆಮೇಲೆ ಇನ್ನೊಂದು ಹಸು ಕರು ಹಾಕಿದೆ, ಭಾವನಿಗೆ ಪುರುಸೊತ್ತಿಲ್ಲ. ಒಂದೊಂದು ಕಾರಣವೂ ನ್ಯಾಯವಾಗಿಯೇ ಇತ್ತು. ಒಟ್ಟು ಸೇರಿಸಿದರೆ ಮಾತ್ರ ಅದರಲ್ಲಿ ನನ್ನ ಮಗಳು ಇರಲಿಲ್ಲ.

ಅಷ್ಟರಲ್ಲಿ ನನ್ನ ಎದೆ ಬತ್ತಿತು. ಹಿಂಡಿದರೂ ಹನಿಯಿಲ್ಲ. ನಾನು ಅತ್ತೆಯ ಮುಂದೆ ನಿಂತು, "ಹಾಲೇ ಇಲ್ಲ ಅತ್ತೆ. ಇಲ್ದಿರೋ ಹಾಲನ್ನ ಇನ್ನೂ ಎಷ್ಟು ದಿನ ಬಿಡಿಸ್ತೀರಿ?" ಎಂದು ಕೇಳಿದೆ. ಅವರು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಬತ್ತಿರೋದು ನಿಂಗೆ. ಮಗು ಮರೀಬೇಕಲ್ಲ" ಅಂದರು.

ಮುಂದಿನ ಭಾನುವಾರ ವೇಣು ಮಾಸ್ತಿಯಿಂದ ಬಂದು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಮೋಕ್ಷಿತ ಹೊಸ ಲಂಗ ಹಾಕಿಕೊಂಡು ಕರುವಿನ ಬಾಯಿಗೆ ಹುಲ್ಲು ಹಿಡಿದಿದ್ದಳು. ಕೆನ್ನೆ ತುಂಬಿತ್ತು, ಕೂದಲಿಗೆ ಎಣ್ಣೆ ಹಚ್ಚಿ ಎರಡು ಜುಟ್ಟು ಕಟ್ಟಿದ್ದರು. ಕರು ಕೈ ನೆಕ್ಕಿತು. ಮೋಕ್ಷಿತ ಹೆದರಿ, "ಅಮ್ಮಾ" ಎಂದು ಕೂಗಿ ಓಡಿದಳು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ವಿಡಿಯೋದಲ್ಲಿ ಅವಳನ್ನು ಎತ್ತಿಕೊಂಡವಳು ಗಂಗಕ್ಕ. ವೇಣು ತಟ್ಟನೆ ಫೋನು ಆರಿಸಿದರು.

"ಗಂಗಕ್ಕನ್ನ ಅಮ್ಮ ಅಂತಾಳಾ?" ಎಂದೆ.

"ಮಕ್ಳು ಕಣೇ. ಯಾರ್ ಹತ್ರ ಇದ್ರೆ ಅವರನ್ನ ಅಂತವೆ. ಅದನ್ನೇ ಯಾಕ್ ದೊಡ್ಡದು ಮಾಡ್ತೀಯ?"

"ನಾಳೆ ಕರ್ಕೊಂಡ್ ಬನ್ನಿ."

ವೇಣು ತಮ್ಮ ಅಮ್ಮನ ಮುಖ ನೋಡಿದರು. ಮದುವೆಯಾದಾಗಿನಿಂದ ನನಗೆ ಉತ್ತರ ಕೊಡುವ ಮೊದಲು ಅವರು ನೋಡುವ ಗಡಿಯಾರ ಅದೇ. ಅತ್ತೆ ಮೊರ ಪಕ್ಕಕ್ಕಿಟ್ಟರು. ಮೆತ್ತಗೆ, ಜ್ವರ ಬಂದವಳಿಗೆ ಹೇಳುವ ಹಾಗೆ ಹೇಳಿದರು. "ನೋಡಮ್ಮಾ, ಅವಳ ಮಡಿಲು ಬರಿದು. ನಿಂಗಿನ್ನೂ ವಯಸ್ಸಿದೆ, ಇನ್ನೊಂದ್ ಆಗ್ತದೆ. ಮಗೂನೂ ಅಲ್ಲಿ ಸುಖವಾಗಿದೆ, ನಿನ್ ಕೆಲ್ಸಾನೂ ಉಳೀತು. ಆ ಮಾಸ್ತಿ ಹೊಲ ಮುಂದೆ ಯಾರಿಗೆ? ನಿನ್ ಮಗಳಿಗೇ ತಾನೆ? ಹೊರಗಿನವರಿಗೆ ಕೊಟ್ಟಂಗೇನಾಯ್ತು?"

ಆಗ ನನಗೆ ಅರ್ಥವಾಯಿತು. ಒಂದು ವಾರ ಎಂದು ಹೇಳಿದ್ದು ನನಗೊಬ್ಬಳಿಗೆ ಮಾತ್ರ. ಮಿಕ್ಕವರಿಗೆಲ್ಲ ಮೊದಲೇ ಗೊತ್ತಿತ್ತು. ಹಾಲು ಬಿಡಿಸುವುದಕ್ಕೆ ಎಂದು ನನ್ನ ಕೈಯಿಂದಲೇ ಬಟ್ಟೆ ಮಡಚಿಸಿ ಮಗುವನ್ನು ದತ್ತು ಕಳಿಸಿದ್ದರು. ನಾನು ವೇಣು ಅವರನ್ನು, "ನಿಮಗೂ ಗೊತ್ತಿತ್ತಾ?" ಎಂದು ಕೇಳಿದೆ. ಅವರು, "ಕೂಗಾಡ್ಬೇಡ, ಅಕ್ಕಪಕ್ಕ ಕೇಳಿಸ್ತದೆ" ಅಂದರು.

ಅವತ್ತು ಸಂಜೆ ಗೌನಿಪಲ್ಲಿಯಿಂದ ನನ್ನ ಅಮ್ಮನ ಫೋನು. ತವರಿನಲ್ಲಿ ನಾವು ಮಾತಾಡುವುದು ತೆಲುಗು. ನಾನು ಅಳುತ್ತ ಹೇಳಿದ್ದನ್ನೆಲ್ಲ ಅವಳು ಸುಮ್ಮನೆ ಕೇಳಿಸಿಕೊಂಡಳು. ಸಮಾಧಾನ ಹೇಳಲಿಲ್ಲ, ಹೊಂದಿಕೊಂಡು ಹೋಗು ಅನ್ನಲಿಲ್ಲ. "ಪೋಯಿ ತೆಚ್ಚುಕೋವೇ ನೀ ಬಿಡ್ಡನಿ" ಅಂದಳು. ಹೋಗಿ ತಂದುಕೋ ನಿನ್ನ ಮಗುವನ್ನು. ಮೋಕ್ಷಿತ ಹುಟ್ಟಿದ ಮೇಲೆ ನನಗೆ ಸಿಕ್ಕ ಒಂದೇ ಒಂದು ನೆಟ್ಟಗಿನ ಮಾತು ಅದು.

ವಾರದ ರಜೆಯ ದಿನ, ಕಂಪನಿಗೆ ಹೋಗುವವಳ ಹಾಗೆ ಯೂನಿಫಾರಂ ಹಾಕಿಕೊಂಡೇ ಮನೆ ಬಿಟ್ಟೆ. ಮಾಲೂರಿಗೆ ಬಂದು ಮಾಸ್ತಿ ಬಸ್ಸಿಗಾಗಿ ಬಹಳ ಹೊತ್ತು ಕಾದೆ. ಬಸ್ ಸ್ಟ್ಯಾಂಡಿನಲ್ಲಿ ಬಿಸ್ಕತ್ತು ಕೊಂಡೆ, ಗಾಳಿ ತುಂಬಿದ ಬಣ್ಣದ ಬುಗ್ಗೆ ಕೊಂಡೆ. ಸ್ವಂತ ಮಗಳನ್ನು ನೋಡಲು ಲಂಚ ಹಿಡಿದುಕೊಂಡು ಹೊರಟ ಹಾಗಿತ್ತು. ಬಸ್ಸಿನಲ್ಲಿ ಕೂತು ಏನೇನೋ ಅಂದುಕೊಂಡೆ. ನನ್ನನ್ನು ಕಂಡ ತಕ್ಷಣ ಅವಳು ಓಡಿಬಂದು ವೇಲು ಎಳೆಯುತ್ತಾಳೆ. ಎದೆಯಲ್ಲಿ ಹಾಲಿಲ್ಲದಿದ್ದರೂ ಸರಿ, ಬಾಯಿಟ್ಟುಕೊಳ್ಳಲಿ. ಹಾಲು ಬಿಡಿಸುವುದೇ ಬೇಡ. ಸ್ಕೂಲಿಗೆ ಹೋಗುವವರೆಗೂ ಚೀಪಲಿ.

ಮಾಸ್ತಿಯಲ್ಲಿ ಇಳಿದಾಗ ಸಂಜೆಯ ಹಾಲು ಹಾಕುವ ಹೊತ್ತು. ಗಂಗಕ್ಕನ ಮನೆಗೆ ಬೀಗ ಹಾಕಿತ್ತು. ಡೈರಿಯ ಕಡೆ ನಡೆದೆ. ಸಾಲಿನಲ್ಲಿ ಹೆಂಗಸರು ಕ್ಯಾನು ಹಿಡಿದು ನಿಂತಿದ್ದರು. ಗಂಗಕ್ಕನೂ ಇದ್ದಳು. ಅವಳ ಸೀರೆಯ ನೆರಿಗೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಒಂದು ಪುಟ್ಟ ಸ್ಟೀಲ್ ಲೋಟ ಹಿಡಿದುಕೊಂಡು ನನ್ನ ಮಗಳು ನಿಂತಿದ್ದಳು. ಅವಳಿಗೂ ಅಳತೆಗೆ ಹಾಕಲು ಲೋಟದಲ್ಲಿ ಒಂದು ಗುಟುಕು ಹಾಲು ಕೊಟ್ಟಿದ್ದರು.

"ಮೋಕ್ಷೀ" ಎಂದೆ. ಇನ್ನೊಂದು ಸಲ ಕರೆದೆ.

ಗಂಗಕ್ಕ ತಿರುಗಿದಳು. ಕ್ಯಾನನ್ನು ನೆಲಕ್ಕಿಟ್ಟಳು. "ಯಾಕಮ್ಮಾ ಹೇಳ್ದೆ ಕೇಳ್ದೆ ಬಂದ್ಬಿಟ್ಟೆ? ಈಗ ತಾನೆ ಪೂರಾ ಮರೆತಿತ್ತು" ಅಂದಳು.

ನಾನು ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದೆ. ಮೋಕ್ಷಿತ ನನ್ನನ್ನು ನೋಡಿದಳು. ಗುರುತು ಸಿಕ್ಕಲಿಲ್ಲ ಅನ್ನುವ ಹಾಗಿರಲಿಲ್ಲ. ಗುರುತು ಸಿಕ್ಕಿತು, ಅದನ್ನು ನಾನು ಕಣ್ಣಾರೆ ಕಂಡೆ. ಹುಬ್ಬು ಗಂಟಿಕ್ಕಿದಳು, ಗಂಗಕ್ಕನ ಕಾಲಿನ ಹಿಂದೆ ಸರಿದಳು, ಅಲ್ಲಿಂದ ಇಣುಕಿ ಹೇಳಿದಳು.

"ಥೂ. ಕಯಿ."

ನಗಲಿಲ್ಲ. ಓಡಿ ಬಂದು ಮೇಲೆ ಬೀಳಲಿಲ್ಲ. ಸಾಲಿನಲ್ಲಿದ್ದ ಒಬ್ಬ ಹೆಂಗಸು ನಕ್ಕಳು, ಮಿಕ್ಕವರು ನೆಲ ನೋಡಿದರು.

"ಏನ್ ಹೇಳಿಕೊಟ್ಟಿದ್ದೀರಿ ಅಕ್ಕ ನನ್ ಮಗಳಿಗೆ?" ಎಂದು ಕಿರುಚಿದೆ.

ಗಂಗಕ್ಕ ಅತ್ತಳು. ನಾಟಕದ ಅಳುವಲ್ಲ, ನನಗೆ ಗೊತ್ತಾಗುತ್ತದೆ. "ನಾನೇನೂ ಹೇಳಿಕೊಡ್ಲಿಲ್ಲ ಕಣೇ. ನೀವೇ ಕಲಿಸಿದ್ದು. ಬಂದಾಗಿಂದ ಅಮ್ಮ ಅಮ್ಮ ಅಂತ ಉಸಿರು ಕಟ್ಟಂಗೆ ಅಳೋದು. ಏನ್ ಮಾಡ್ಲಿ ಹೇಳು? ‘ಥೂ, ಅಮ್ಮ ಕಹಿ’ ಅಂದ್ರೆ ಅಳು ನಿಲ್ಸಿ ನಗೋದು. ಅದಕ್ಕೇ ಕೇಳ್ದಾಗೆಲ್ಲ ಅದನ್ನೇ ಅಂದೆ. ಮೊದಮೊದ್ಲು ನಗೋದು. ಆಮೇಲೆ ನಗೋದೂ ಬಿಡ್ತು. ಆಮೇಲೆ ಕೇಳೋದೂ ಬಿಡ್ತು."

ನನ್ನ ಮಗಳು ಕೇಳುವುದನ್ನು ಬಿಟ್ಟ ದಿನ ನಾನು ಏನು ಮಾಡುತ್ತಿದ್ದೆನೋ. ಬಹುಶಃ ಭೂತಗನ್ನಡಿಯ ಕೆಳಗೆ ಬೆಸುಗೆ ನೋಡುತ್ತಿದ್ದೆ, ಒಂದೂ ತಪ್ಪದ ಹಾಗೆ.

ನಾನು ಎದ್ದು ಅವಳನ್ನು ಎತ್ತಿಕೊಂಡೆ. ಲೋಟದ ಹಾಲು ನನ್ನ ಯೂನಿಫಾರಂ ಮೇಲೆ ಚೆಲ್ಲಿತು. ಅವಳು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ಒದ್ದಳು, ನನ್ನ ಕೆನ್ನೆ ಪರಚಿದಳು. ಗಂಗಕ್ಕ ಅವಳ ಕಾಲು ಹಿಡಿದುಕೊಂಡಳು. "ಇನ್ನೊಂದ್ ವಾರ ಶಿರೀಷಾ. ಇನ್ನೊಂದೇ ವಾರ. ಇಷ್ಟು ಅಳಿಸ್ಕೊಂಡು ಹೋಗ್ಬೇಡ, ಜ್ವರ ಬರ್ತದೆ."

"ನಿಮ್ಮ ವಾರಕ್ಕೆ ದಿನ ಎಷ್ಟು ಅಕ್ಕ?" ಅಂದೆ.

ಅಷ್ಟರಲ್ಲಿ ಕದಿರೇಶ್ ಭಾವ ಡೈರಿಯ ಒಳಗಿಂದ ಬಂದರು. ಇಬ್ಬರನ್ನೂ ನೋಡಿದರು. ಹೆಂಡತಿಯ ಬೆರಳುಗಳನ್ನು ಮಗುವಿನ ಕಾಲಿನಿಂದ ಒಂದೊಂದಾಗಿ ಬಿಡಿಸಿದರು. "ಹೆತ್ತೋಳು ಬಂದವ್ಳೆ, ಬಿಡು ಗಂಗಾ" ಅಂದರು. ಗಂಗಕ್ಕ ಅಲ್ಲೇ ಡೈರಿಯ ಕಟ್ಟೆಯ ಮೇಲೆ ಕೂತಳು. ಅವಳ ಸರದಿ ಬಂದಿತ್ತು, ಯಾರೋ ಅವಳ ಕ್ಯಾನು ಎತ್ತಿ ಹಾಲು ಹಾಕಿದರು.

ಬಸ್ಸಿನಲ್ಲಿ ಮೋಕ್ಷಿತ ಕಿಟಕಿಯ ಸರಳು ಹಿಡಿದು, "ಅಮ್ಮಾ, ಅಮ್ಮಾ" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಬುಗ್ಗೆ ಕೊಟ್ಟೆ, ಕಿಟಕಿಯಿಂದ ಎಸೆದಳು. ಮುಂದಿನ ಸೀಟಿನ ಅಜ್ಜಿ, "ಬೆನ್ನು ತಟ್ಟಮ್ಮಾ" ಅಂದಳು. ಇನ್ನೊಬ್ಬಳು, "ಹೊಟ್ಟೆನೋವಿರ್ಬೇಕು, ಹೊಕ್ಕಳಿಗೆ ಎಣ್ಣೆ ಹಚ್ಚು" ಅಂದಳು. ಮತ್ತೊಬ್ಬಳು, "ಎದೆಗೆ ಹಾಕ್ಕೋಬಾರ್ದಾ? ಅದಕ್ಕಿಂತ ಔಷಧಿ ಇದೆಯಾ?" ಅಂದಳು. ಆ ಔಷಧಿಯನ್ನು ನಾನು ಮಲ್ಲಿಗೆ ಹೂವಿಗೂ ಎಲೆಕೋಸಿಗೂ ಕೊಟ್ಟು ಮುಗಿಸಿದ್ದೆ. ಕಂಡಕ್ಟರು ಫ್ರೀ ಟಿಕೆಟ್ಟಿಗೆ ನನ್ನ ಆಧಾರ್ ನೋಡಿದ. ಆಮೇಲೆ ಮಗುವನ್ನು ನೋಡಿದ, ನನ್ನ ಕೆನ್ನೆಯ ಗೀರು ನೋಡಿದ. "ಯಾರ ಮಗು ಕಣಮ್ಮಾ ಇದು? ಅಮ್ಮ ಬೇಕು ಅಂತಾ ಐತಲ್ಲ" ಎಂದು ಕೇಳಿದ. ಇಡೀ ಬಸ್ಸು ನನ್ನ ಕಡೆ ತಿರುಗಿತು. ನಾನು ಫೋನು ತೆಗೆದು, ಮೋಕ್ಷಿತ ನನ್ನ ಎದೆಗೆ ಒರಗಿ ನಗುತ್ತಿರುವ ಫೋಟೋ ತೋರಿಸಿದೆ. ಹೆತ್ತ ಮಗುವಿಗೆ ಸಾಕ್ಷಿ ಕೊಟ್ಟೆ. ಅವನು ಫೋಟೋವನ್ನೂ ನಮ್ಮನ್ನೂ ಇನ್ನೊಂದು ಸಲ ಹೋಲಿಸಿ ನೋಡಿ ಮುಂದೆ ಹೋದ.

ಮನೆಯಲ್ಲಿ ದೊಡ್ಡ ಗಲಾಟೆಯಾಗುತ್ತದೆ ಎಂದುಕೊಂಡಿದ್ದೆ. ವೇಣು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಅದರಿಂದ ನನಗೇನೂ ನಷ್ಟವಾಗಲಿಲ್ಲ. ಅತ್ತೆ ಮಾತ್ರ ಒಂದು ಹೊತ್ತು ಬೈದು, ಮೊಮ್ಮಗಳ ಬಾಡಿದ ಮುಖ ನೋಡಿ, ತಮ್ಮ ಕಚೇರಿಯನ್ನು ಮತ್ತೆ ತೆರೆದರು. "ತಂದಿದ್ದಾಯ್ತಲ್ಲ, ಇನ್ನ್ ಗಂಗನ್ನ ಮರೆಸ್ಬೇಕು. ಅವಳು ಮುಖ ತೋರಿಸ್ಬಾರ್ದು, ಧ್ವನಿ ಕೇಳಿಸ್ಬಾರ್ದು. ಒಂದ್ ವಾರ ಹಿಡೀತದೆ" ಅಂದರು. ಅವರಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಮೋಕ್ಷಿತ ಗಂಗಕ್ಕ ಕಟ್ಟಿದ ಜುಟ್ಟನ್ನು ಬಿಚ್ಚಲು ಬಿಡಲಿಲ್ಲ. ನನ್ನ ಕೈಯಿಂದ ತುತ್ತು ತಿನ್ನಲಿಲ್ಲ, ಅಜ್ಜಿ ಕೊಟ್ಟರೆ ಅರ್ಧ ತಿಂದಳು. ಸಂಜೆಯಾದರೆ ಅಡುಗೆಮನೆಗೆ ಹೋಗಿ ಒಂದು ಲೋಟ ಹುಡುಕಿ ತೆಗೆದುಕೊಂಡು ಹೊಸಿಲ ಹತ್ತಿರ ನಿಲ್ಲುತ್ತಿದ್ದಳು. ಡೈರಿಗೆ ಹೊತ್ತಾಯಿತು ಎಂದು.

ನಾನು ಕಂಪನಿಗೆ ರಜೆ ಹಾಕಿದೆ. ಲೈನಿನಲ್ಲಿ ನನ್ನ ಜಾಗಕ್ಕೆ ಬೇರೆ ಹುಡುಗಿ ಬಂದಳಂತೆ, ಅನಿತ ಹೇಳಿದಳು.

ಒಂದು ಮಧ್ಯಾಹ್ನ ಗಂಗಕ್ಕನ ಫೋನು ಬಂತು. ಮೋಕ್ಷಿತ ಮೂಲೆಯಲ್ಲಿ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದಳು.

"ಊಟ ಮಾಡ್ತಾಳಾ?" ಎಂದು ಗಂಗಕ್ಕ ಕೇಳಿದಳು.

"ಹೊಟ್ಟೆ ತುಂಬಾ ಮಾಡ್ತಾಳೆ" ಎಂದೆ.

"ಮೊಸರನ್ನಕ್ಕೆ ಒಂದ್ ಚೂರು ಬೆಲ್ಲ ಹಾಕು, ಇಷ್ಟಪಡ್ತಾಳೆ." ಆಮೇಲೆ ಧ್ವನಿ ತಗ್ಗಿಸಿದಳು. "ಒಂದ್ಸಲ ಬಂದ್ ನೋಡ್ಕೊಂಡ್ ಹೋಗ್ಲಾ ಶಿರೀಷಾ? ಹತ್ರ ಬರಲ್ಲ ಕಣೇ. ರಸ್ತೇಲೇ ನಿಂತು ನೋಡ್ಕೊಂಡ್ ಹೋಗ್ಬಿಡ್ತೀನಿ."

ಬಾಗಿಲ ಹಿಂದೆ ನಿಂತು ಬೈಕಿನ ಹಾರನ್ ಕೇಳಿದ್ದು ನೆನಪಾಯಿತು. ಪಾಪ ಅನ್ನಿಸಿತು. ಆದರೂ ನನ್ನ ಬಾಯಿಂದ ಮಾತು ಸಲೀಸಾಗಿ ಬಂತು, ಬಾಯಿಪಾಠ ಮಾಡಿದ ಹಾಗೆ.

"ಬೇಡ ಅಕ್ಕ. ಈಗ ತಾನೆ ಸ್ವಲ್ಪ ಮರೀತಿದಾಳೆ. ನೀವ್ ಬಂದ್ರೆ ಮತ್ತೆ ಮೊದ್ಲಿಂದ ಆಗ್ತದೆ. ಇನ್ನೊಂದ್ ವಾರ ಇರ್ಲಿ."

ಅದು ಗಂಗಕ್ಕನದೇ ಮಾತು. "ಹೂಂ ಕಣೇ" ಅಂದಳು, ಧ್ವನಿ ಒಡೆದಿತ್ತು, ಸ್ವಲ್ಪ ಜೋರಾಗಿಯೇ ಬಂತು.

ಮೋಕ್ಷಿತ ತಲೆ ಎತ್ತಿದಳು. ಕೈಯಲ್ಲಿದ್ದ ಚಪ್ಪಲಿ ಬಿಟ್ಟು ಓಡಿಬಂದು ಫೋನಿಗೆ ಕೈ ಚಾಚಿದಳು. "ಅಮ್ಮ?" ಅಂದಳು. ಮುಖವೆಲ್ಲ ಬೆಳಕು. ಮಾಸ್ತಿಯಿಂದ ಬಂದ ಮೇಲೆ ಆ ಬೆಳಕನ್ನು ನಾನು ನೋಡಿರಲಿಲ್ಲ.

ನಾನು ಫೋನು ಆರಿಸಿ ಬೆನ್ನ ಹಿಂದೆ ಇಟ್ಟುಕೊಂಡೆ. ಅವಳ ತುಟಿ ನಡುಗಿತು. ಇನ್ನೇನು ಅಳು ಬರುತ್ತದೆ, ಸಂಜೆಯವರೆಗೂ ನಿಲ್ಲುವುದಿಲ್ಲ. ಬೇಡ ಅನ್ನಬೇಡಿ, ಎರಡು ಆಯ್ಕೆ ಕೊಡಿ ಎಂದು ಫೋನಿನ ಹುಡುಗಿ ಹೇಳಿದ್ದಳು. ನನ್ನ ಹತ್ತಿರ ಒಂದೇ ಇತ್ತು.

"ಥೂ" ಅಂದೆ, ಅತ್ತೆ ಕಲಿಸಿದ ಅದೇ ರಾಗದಲ್ಲಿ. "ಅಮ್ಮ ಕಹಿ."

ಅವಳು ನನ್ನ ಬೆನ್ನ ಹಿಂದೆ ಫೋನಿದ್ದ ಕಡೆ ನೋಡಿದಳು. ನನ್ನ ಮುಖ ನೋಡಿದಳು. ಅತ್ತೆ ಅಡುಗೆಮನೆಯಿಂದ ಇಣುಕಿ, ಒಳ್ಳೆಯದಾಯಿತು ಅನ್ನುವ ಹಾಗೆ ತಲೆ ಆಡಿಸಿ ಒಳಗೆ ಹೋದರು.

"ಕಯಿ" ಎಂದಳು ಮೋಕ್ಷಿತ, ಮೆಲ್ಲಗೆ. ಅಳಲಿಲ್ಲ. ಬಂದು ನನ್ನ ಮಡಿಲಲ್ಲಿ ಕೂತಳು. ಆ ಅಮ್ಮನೂ ಕಹಿ, ಈ ಅಮ್ಮನೂ ಕಹಿಯಾದ ಮೇಲೆ ಕೂರಲು ಅವಳಿಗೆ ಬೇರೆ ಜಾಗವಿರಲಿಲ್ಲ.